ಪಿಯಾನೋ ವಾದಕರ ಬಲಗಾಲು

ಸಂಗೀತದ ವಿಷಯದಲ್ಲಿ ನನ್ನ ಕಿವಿಯನ್ನು ನಾನೇ ನಂಬುವುದಿಲ್ಲ. ನೆನಪನ್ನು ಇನ್ನೂ ಕಡಿಮೆ. ಆದರೂ ದೊಡ್ಡ ಪಿಯಾನೋ ವಾದಕರೊಬ್ಬರ ಕೊನೆಯ ಕಚೇರಿಯ ಬಗ್ಗೆ ಬರೆದುಕೊಡಿ ಎಂದು ಅವರ ತಂಗಿ ನನ್ನನ್ನೇ ಕೇಳಿದರು. ದೇಶದೇಶಗಳಲ್ಲಿ ನುಡಿಸಿ, ವಯಸ್ಸಾದ ಮೇಲೆ ಕೊಯಮತ್ತೂರಿನಲ್ಲಿ ನೆಲೆಸಿದವರು ಅವರು. ಧ್ವನಿಮುದ್ರಣವೆಂದರೆ ಆಗುತ್ತಿರಲಿಲ್ಲ. ಹಾಗಾಗಿ ತೀರಿಕೊಂಡ ಮೇಲೆ ಉಳಿದದ್ದು ಕೇಳಿದವರ ಮಾತಷ್ಟೇ. ಅದನ್ನೇ ತಂಗಿ ಪುಸ್ತಕ ಮಾಡುವವರಿದ್ದರು.

ಆ ಕಚೇರಿ ನಡೆದದ್ದು ನಾನು ಪಾಠ ಹೇಳುತ್ತಿದ್ದ ಕಾಲೇಜಿನಲ್ಲಿ, ಎಂಬತ್ತರ ದಶಕದ ನಡುವೆ. ಜೊತೆಗೆ ನನ್ನ ಸೋದರತ್ತೆಯೂ ಬಂದಿದ್ದರು. ಅವರು ಆಯುಷ್ಯವೆಲ್ಲ ಮಗ್ಗದ ಗುಂಡಿಯೊಳಗೆ ಕಾಲಿಳಿಸಿ, ಕಾಲುಮಣೆ ತುಳಿದು ಸೀರೆ ನೆಯ್ದವರು. ಸಭೆಯೆಲ್ಲ ವಾದಕರ ಬೆರಳು ನೋಡುತ್ತಿದ್ದರೆ, ಅತ್ತೆ ಪೆಡಲಿನ ಮೇಲಿದ್ದ ಕಾಲು ನೋಡುತ್ತಿದ್ದರು.

“ಕಣ್ಣು, ಇವರ ಬಲಗಾಲು ಲೇಟಾ ಏಳ್ತದೆ,” ಎಂದರು, ಮುಂದಿನ ಸಾಲಿಗೂ ಕೇಳುವಂತೆ. ಅವರು ಮುದ್ದಿನಿಂದ ನನ್ನನ್ನು ಕರೆಯುವುದೇ ಕಣ್ಣು ಎಂದು.

ಪೆಡಲಿನಿಂದ ಕಾಲು ತಡವಾಗಿ ಎದ್ದರೆ ಹಿಂದಿನ ಸ್ವರ ಮುಂದಿನದಕ್ಕೆ ಅಂಟಿಕೊಳ್ಳುತ್ತದಂತೆ. ನನ್ನ ನೆನಪಿನ ಕಾಯಿಲೆಯೂ ಅದೇ. ಕಚೇರಿ ಮುಗಿದ ಮೇಲೆ ವಾದಕರು, ಅಮ್ಮ ಏನೆಂದರು ಎಂದು ಕೇಳಿದರು. “ತುಂಬ ಚೆನ್ನಾಗಿತ್ತಂತೆ,” ಎಂದುಬಿಟ್ಟೆ. ಅವರು ಅತ್ತೆಗೆ ಕೈಮುಗಿದರು. ಮುಗಿದರೋ, ನಾನು ಆಮೇಲೆ ಸೇರಿಸಿಕೊಂಡೆನೋ, ಆಣೆ ಮಾಡಿ ಹೇಳಲಾರೆ.

ಈಗ ಬರೆಯಲು ಕೂತರೆ ಲೇಖನಿ ಏಳಲಿಲ್ಲ. ಕೊನೆಯ ಕಚೇರಿಯಲ್ಲಿ ತಪ್ಪಿತ್ತು ಎಂದು ಬರೆದರೆ, ಅಣ್ಣನ ಹೆಸರನ್ನಷ್ಟೇ ಉಳಿಸಿಕೊಂಡಿರುವ ತಂಗಿಗೆ ಏನನ್ನಿಸೀತು? ಅತ್ತೆಯನ್ನು ಕೇಳಿದೆ.

“ಎಂ.ಎ. ಓದಿದ್ದು ನೀನು, ಕೇಳೋದು ನನ್ನನ್ನಾ? ಎಳೆ ಬಿಟ್ಟುಹೋದ ಸೀರೇನ ಮಡಿಸಿ, ಮಡಿಪಲ್ಲಿ ಮುಚ್ಚಿ ಮಾರ್ತಾರಾ, ಕಣ್ಣು?”

ಹೆದರುತ್ತಲೇ ಹೋಗಿ, ನನ್ನ ಸುಳ್ಳನ್ನೂ ಸೇರಿಸಿ ತಂಗಿಗೆ ಎಲ್ಲ ಹೇಳಿದೆ. ಅದು ತಮಗೆ ಮೊದಲೇ ಗೊತ್ತು ಎಂದರು ಅವರು. ಅವತ್ತು ಕಚೇರಿ ಮುಗಿಸಿ ಮನೆಗೆ ಬಂದ ಅಣ್ಣ, “ಕಾಲು ಮಾತು ಕೇಳುತ್ತಿಲ್ಲ. ಎಲ್ಲರೂ ಕೈ ನೋಡುತ್ತಿದ್ದರು, ಒಬ್ಬ ಅಮ್ಮ ಮಾತ್ರ ಕಾಲು ನೋಡಿದರು. ಅವರಿಗೆ ಗೊತ್ತಾಯಿತು,” ಎಂದರಂತೆ. ಮತ್ತೆ ಪಿಯಾನೋ ಮುಂದೆ ಕೂರಲಿಲ್ಲವಂತೆ. ಅದನ್ನೇ ಬರೆಯಿರಿ ಎಂದರು ತಂಗಿ. ಅಣ್ಣನನ್ನು ನಿಜವಾಗಿ ಕೇಳಿಸಿಕೊಂಡವರು ಒಬ್ಬರಾದರೂ ಪುಸ್ತಕದಲ್ಲಿರಲಿ ಎಂಬುದು ಅವರ ಆಸೆ.

ಬರೆದುಕೊಟ್ಟೆ. ವಾದಕರ ಆ ಮಾತು ತಿಳಿಸಿದರೆ ಅತ್ತೆ ಬೀಗುತ್ತಾರೆ ಎಂದುಕೊಂಡಿದ್ದೆ. ಅವರ ಮುಖ ಸಣ್ಣದಾಯಿತು.

“ಅಯ್ಯೋ, ಪಾಪ! ಆಮೇಲೆ ಆ ಕಾಲಿಗೆ ಯಾರಾದ್ರೂ ಎಣ್ಣೆ ಗಿಣ್ಣೆ ಉಜ್ಜಿದ್ರಾ?”

ವಾದಕರ ಸಂಗೀತವನ್ನು ಹೊಗಳಿ ಪುಟ ತುಂಬಿಸಿದ ನಮ್ಮಲ್ಲಿ ಯಾರಿಗೂ ಈ ಪ್ರಶ್ನೆ ಹೊಳೆದಿರಲಿಲ್ಲ.