ಮೂರು ಬೆರಳಿನ ಜಗಳ

ನನ್ನ ನಾದಿನಿಗೆ 'ಸೈರನ್' ಎಂದು ಹೆಸರಿಟ್ಟವಳು ನಾನೇ. ಲಾಂಡ್ರಿ ಕಾರ್ಖಾನೆಯಲ್ಲಿ ಇಸ್ತ್ರಿ ವಿಭಾಗದ ಮೇಸ್ತ್ರಿ ಅವಳು. ಯಂತ್ರಗಳ ಗದ್ದಲವನ್ನೂ ಸೀಳಿಕೊಂಡು ಹೋಗುವ ಬಾಯಿ. ಮನೆಗೆ ಬಂದರೆ ಅದೇ ಬಾಯಿ ನನ್ನ ಅಡುಗೆಯ ಮೇಲೆ.

ಒಂದು ದಿನ ಕಾರ್ಖಾನೆಯಲ್ಲಿ ಆವಿಯ ಕೊಳವೆ ಒಡೆದು ಅವಳ ಮುಖ, ಕುತ್ತಿಗೆ ಬೆಂದವು. ಊದಿದ ಗಂಟಲಿಗೆ ಉಸಿರಿನ ನಳಿಗೆ, ಕೈಗೆ ಡ್ರಿಪ್, ಆಮೇಲೆ ನಂಜೇರಿ ಜ್ವರ. ಬದುಕಿದ್ದೇ ದೊಡ್ಡದು. ತೊಡೆಯ ಚರ್ಮ ತೆಗೆದು ಗಲ್ಲಕ್ಕೆ ಕಸಿ ಮಾಡಿದರು. ಮಾತು ಮರಳಿದ ಕೂಡಲೇ ಅವಳು ಹೇಳಿದ್ದು: "ಇನ್ಮೇಲೆ ತೊಡೆ ತಟ್ಟಿ ಸವಾಲು ಹಾಕ್ಬೇಕಂದ್ರೆ ಗಲ್ಲ ತಟ್ಕೊಂಡ್ರೆ ಸಾಕು ಬಿಡು, ಅತ್ತಿಗೆ!"

ಆದರೆ ಗಾಯ ಮಾಗಿದಂತೆ ಕಲೆ ಬಿಗಿಯತೊಡಗಿತು. ದಾರ ಎಳೆದ ಚೀಲದ ಹಾಗೆ ಬಾಯಿ ಮುದುಡಿತು. "ದಿನಾ ಬಾಯಿ ಅಗಲಿಸ್ಬೇಕು. ಮುಂದಿನ ತಿಂಗಳು ಅಳೆದಾಗ ಬಾಯೊಳಗೆ ಮೂರು ಬೆರಳು ಹಿಡಿಸಿದ್ರೆ ಸರಿ, ಇಲ್ದಿದ್ರೆ ಮತ್ತೆ ಕುಯ್ಯಬೇಕು" ಎಂದರು ಡಾಕ್ಟರು. ಅವಳು ನಡುಗಿಬಿಟ್ಟಳು. ಮರುದಿನವೇ ನಾನು ಅವಳನ್ನು ಅಭ್ಯಾಸಕ್ಕೆ ಕೂರಿಸಿದೆ.

ಕಲೆ ಒತ್ತಲು ಬಿಗಿ ಮುಖವಾಡ, ತುರಿಕೆಗೆ ಎಣ್ಣೆ, ಕನ್ನಡಿಯ ಮುಂದೆ ಆ, ಈ, ಊ. ನೋವೆಂದು ಎರಡೇ ಸಲಕ್ಕೆ ಅವಳಿಗೆ ಮುನಿಸು. ಬಾಯಿ ಎರಡು ಬೆರಳಿಗೇ ನಿಂತಿತು. ಸಿಟ್ಟು ನೆತ್ತಿಗೇರಿ ಒಂದು ದಿನ ನಾನೆಂದೆ: "ನೀನಿಲ್ದೆ ಕಾರ್ಖಾನೇಲಿ ಇಸ್ತ್ರಿ ಇನ್ನೂ ಚೆನ್ನಾಗಿ ಆಗ್ತಿದ್ಯಂತೆ."

"ಯಾವಳೇ ಹಾಗಂದೋಳು!"

ಅಬ್ಬಬ್ಬಾ, ಏನು ಬಾಯಿ! ದವಡೆ ಹಲ್ಲು ಕಂಡಿತು. ನನ್ನ ಗಂಡ ತಟ್ಟೆ ಬಿಟ್ಟೆದ್ದು ಎಂಜಲು ಕೈಯಲ್ಲೇ ಚಪ್ಪಾಳೆ ತಟ್ಟಿದ.

ಅಂದಿನಿಂದ ಜಗಳವೇ ಮದ್ದು. ಅತ್ತೆ ಅವಳ ಚಹಾಕ್ಕೆ ಬೇಕೆಂದೇ ಸಕ್ಕರೆ ಮರೆತರು. ನನ್ನ ಗಂಡ ಚಪ್ಪಲಿ ಬಚ್ಚಿಟ್ಟ. ಪಕ್ಕದ ಮನೆಯ ದರ್ಜಿಯಣ್ಣ ಕಿಟಕಿಯಲ್ಲಿ ಇಣುಕಿ "ಏನಮ್ಮಾ, ಸೈರನ್ ಕೆಟ್ಟೋಯ್ತಾ?" ಎಂದು ಕೂಗಿ ಪರಾರಿ. ನಮ್ಮ ಕಿತಾಪತಿ ಅವಳಿಗೆ ಗೊತ್ತಿತ್ತು. ಆದರೂ ಮನಸಾರೆ ಬೈದು, ಆಮೇಲೆ ಬಿದ್ದು ಬಿದ್ದು ನಗುತ್ತಿದ್ದಳು. ಮನೆಗೆ ಮನೆಯೇ ಹುಚ್ಚೆದ್ದಿತ್ತು.

ಅಳತೆಯ ದಿನ ಬಂತು. ಡಾಕ್ಟರ ಮುಂದೆ ಕೂತವಳಿಗೆ ಹೆದರಿಕೆಯಿಂದ ತುಟಿಯೇ ಬಿಡಿಸಲಾಗಲಿಲ್ಲ. ಎರಡು ಬೆರಳು, ಅಷ್ಟೇ. ಕೆಣಕೋಣವೆಂದರೆ, ಹಾಳಾದ್ದು, ನನ್ನ ನಾಲಿಗೆಗೆ ಒಂದು ಚುಚ್ಚುಮಾತೂ ಬರಲಿಲ್ಲ. ಗೊಳೋ ಎಂದು ಅತ್ತುಬಿಟ್ಟೆ. "ನೀನು ಬೈಯದ ಮನೆ ನಂಗೆ ಬೇಡ ಕಣೇ!"

"ಅಯ್ಯೋ, ನೋಡಿ ಡಾಕ್ಟ್ರೇ, ನನಗಿಂತ ಇವಳ ಬಾಯೇ ದೊಡ್ಡದು!" ಎಂದು ಅವಳು ಗಹಗಹಿಸಿದಳು. ಆ ನಗುವಿನೊಳಗೆ ನನ್ನ ಮೂರು ಬೆರಳು ತೂರಿಸಿಯೇಬಿಟ್ಟೆ.

"ಹಿಡಿಸ್ತು!" ಎಂದು ಕಿರುಚಿದೆ.

ಆಗ ಕಚ್ಚಿದಳು ನೋಡಿ! ಆ ಹಲ್ಲಿನ ಗುರುತನ್ನು ಸಂಜೆಯವರೆಗೂ ಬೀದಿಗೆಲ್ಲ ತೋರಿಸಿಕೊಂಡು ಬಂದೆ.