ನೆರಳುಗಳ್ಳನೂ ನಾಲ್ಕು ಕನ್ನಡಿಗಳೂ

ಅವನಿಗೆ ನೆರಳುಗಳ್ಳ ಎಂಬ ಹೆಸರು ಸುಮ್ಮನೆ ಬಿದ್ದದ್ದಲ್ಲ. ಕಂಪ್ಯೂಟರಿನಲ್ಲಿ ಆಟ ತೊದಲುತ್ತಿದೆ, ಓಡುವವನು ಹೆಜ್ಜೆಗೊಮ್ಮೆ ನಿಂತು ಯೋಚನೆ ಮಾಡುತ್ತಾನೆ, ಇವತ್ತು ಗುಂಡು ಹೊಡೆದರೆ ಶತ್ರು ನಾಳೆ ಸಾಯುತ್ತಾನೆ ಎಂದು ಯಾರಾದರೂ ಯಂತ್ರದ ಡಬ್ಬ ಹೊತ್ತು ತಂದರೆ, ಅವನು ಸೆಟ್ಟಿಂಗಿನ ಪಟ್ಟಿ ತೆರೆದು ಮೊದಲು ನೆರಳು ಕಿತ್ತುಹಾಕುತ್ತಿದ್ದ. ಆಮೇಲೆ ಹುಲ್ಲು. ಆಮೇಲೆ ನೀರಿನಲ್ಲಿ ಕಾಣುವ ಆಕಾಶ. ಗಿರಾಕಿ ಮುಖ ಸಣ್ಣ ಮಾಡಿಕೊಂಡರೆ, "ಮರ ಇದೆಯಲ್ಲ, ಸಾಲದಾ? ಅದರ ನೆರಳು ಬೇರೆ ಬೇಕಾ? ಅಲ್ಲೇನು ಚಾಪೆ ಹಾಸ್ಕೊಂಡು ಮಲಗ್ತೀರಾ?" ಎಂದು ಗದರುತ್ತಿದ್ದ. ಗಿರಾಕಿಗಳಿಗೆ ಅವನ ಬಾಯಿ ಕಂಡರೆ ಆಗದು, ಕೈ ಇಲ್ಲದೆಯೂ ಆಗದು. ಹಾಗಾಗಿ ಬೈಸಿಕೊಂಡೇ ಬರುತ್ತಿದ್ದರು.

ಅವನ ವಿದ್ಯೆಯೆಲ್ಲ ಒಂದೇ ಮಾತಿನಲ್ಲಿ ಅಡಗಿತ್ತು: ಇರುವ ಯಂತ್ರದಲ್ಲೇ ಓಡಿಸಬೇಕು. ಆಟವೆಂದರೆ ಕಂಪ್ಯೂಟರು ಒಂದು ಸೆಕೆಂಡಿಗೆ ಇಷ್ಟು ಎಂದು ಬರೆದು ತೋರಿಸುವ ಚಿತ್ರಗಳು, ಅದಕ್ಕೆ ಫ್ರೇಮು ಎನ್ನುತ್ತಾರೆ. ಬರೆಯುವ ಕೈ ಒಂದೇ ಇರುವಾಗ ಚಿತ್ರದಲ್ಲಿ ಕಡಿಮೆ ತುಂಬಿದರೆ ಹೆಚ್ಚು ಚಿತ್ರ ಬರುತ್ತದೆ. ಇಷ್ಟನ್ನು ಅವನು ಯಾವ ಶಾಲೆಯಲ್ಲೂ ಕಲಿತವನಲ್ಲ. ಇಪ್ಪತ್ತು ವರ್ಷ ಸೆಟ್ಟಿಂಗಿನ ಒಂದೊಂದೇ ಗುಂಡಿ ಇಳಿಸಿ, ಫ್ರೇಮು ಎಣಿಸಿ, ಹಳೆಯ ಡೈರಿಯಲ್ಲಿ ಬರೆದುಕೊಂಡು ಕಲಿತದ್ದು. ಗುಂಡಿಯ ತೀರ ಕೆಳಗಿನ ತುದಿಗೆ ಲೋ ಎನ್ನುತ್ತಾರೆ; ಮನೆಯಲ್ಲೂ ಅವನಿಗೆ ಅದೇ ಚಾಳಿ. ನಲ್ಲಿ ಸಣ್ಣಗೆ, ದೀಪ ಮಂಕಾಗಿ, ಟೀವಿ ಪಿಸುಮಾತಿನಲ್ಲಿ. "ನನ್ನನ್ನೂ ಲೋಗೆ ಹಾಕಿಬಿಡ್ರೀ, ಒಂದೇ ಸಲ ನೆಮ್ಮದಿಯಾಗಿರಿ," ಎಂದು ಹೆಂಡತಿ ಹೇಳಿದಾಗ ಅವನು ಗಂಭೀರವಾಗಿ, "ನಿನ್ನ ಸೆಟ್ಟಿಂಗು ತೆರೆಯೋ ಜಾಗ ಇನ್ನೂ ಸಿಕ್ಕಿಲ್ಲ ಕಣೇ," ಎಂದಿದ್ದ. ಎರಡು ದಿನ ಅವನ ತಟ್ಟೆಗೆ ಬಡಿಸುವುದೂ ಲೋಗೆ ಇಳಿದಿತ್ತು.

ಅವನಿಗೆ ಒಬ್ಬ ತಮ್ಮ. ಬೀದಿಯವರು ಅವನಿಗೆ ಇಟ್ಟ ಹೆಸರು ಅಲ್ಟ್ರಾ. ಏಕೆಂದರೆ ಯಾವ ಆಟವನ್ನೇ ತೆರೆಯಲಿ, ಎಲ್ಲ ಗುಂಡಿಗಳನ್ನೂ ಅಲ್ಟ್ರಾ ಎಂಬ ತುತ್ತತುದಿಗೆ ಏರಿಸಿ, ಯಂತ್ರ ಏದುಸಿರು ಬಿಟ್ಟಾಗ, "ಹೊಸ ಗ್ರಾಫಿಕ್ಸ್ ಕಾರ್ಡು ಹಾಕ್ಸಿ ಸಾರ್, ಹಳೇದು ಮುಗೀತು," ಎನ್ನುವುದು ಅವನ ಕಸುಬು. ಅಪ್ಪ ನಡೆಸುತ್ತಿದ್ದ ರೇಡಿಯೋ ರಿಪೇರಿ ಅಂಗಡಿಯಲ್ಲೇ ಅಣ್ಣತಮ್ಮ ಇಬ್ಬರೂ ಕೂತಿದ್ದರು. ನಾಲ್ಕು ವರ್ಷದ ಹಿಂದೆ ಒಬ್ಬ ಗಿರಾಕಿಗೆ ತಮ್ಮ ಹೊಸ ಕಾರ್ಡಿನ ಡಬ್ಬ ತೋರಿಸುತ್ತಿದ್ದಾಗ ಅಣ್ಣ ಕೂತಲ್ಲಿಂದಲೇ, "ನೆರಳು ತೆಗೆದ್ರೆ ಓಡುತ್ತೆ, ಮನೆಗೆ ಹೋಗಿ," ಎಂದ. ಗಿರಾಕಿ ಮನೆಗೆ ಹೋದ. ಮರುದಿನ ಅಂಗಡಿಯ ನಟ್ಟನಡುವೆ ಪ್ಲೈವುಡ್ಡಿನ ಗೋಡೆ ಎದ್ದಿತು. ಅಲ್ಲಿಂದ ಅಣ್ಣ ತಮ್ಮನೊಡನೆ ಒಂದು ಮಾತೂ ಆಡಿರಲಿಲ್ಲ. ಬೈಯುವುದಿದ್ದರೆ ಪ್ಲೈವುಡ್ಡಿಗೆ ಬೈಯುತ್ತಿದ್ದ.

ಗೋಡೆ ಎಬ್ಬಿಸುವ ರಭಸದಲ್ಲಿ ಒಂದು ಎಡವಟ್ಟಾಗಿತ್ತು. ಫ್ಯಾನು ತಮ್ಮನ ಕಡೆಗೆ ಹೋಗಿತ್ತು, ಅದರ ರೆಗ್ಯುಲೇಟರು ಅಣ್ಣನ ಕಡೆಯ ಗೋಡೆಯಲ್ಲೇ ಉಳಿದಿತ್ತು. ತಮ್ಮನಿಗೆ ಒಳ್ಳೆಯ ಗಿರಾಕಿ ಬಂದ ಸಪ್ಪಳವಾದರೆ ನೆರಳುಗಳ್ಳ ಕೈ ಚಾಚಿ ಫ್ಯಾನನ್ನು ಐದರಿಂದ ಒಂದಕ್ಕೆ ಇಳಿಸುತ್ತಿದ್ದ. ಆಚೆ ಗಿರಾಕಿ ಕಾಲರ್ ಸಡಿಲಿಸಿಕೊಂಡು ಎದ್ದುಹೋಗುವುದನ್ನು ಕಿವಿಯಿಂದಲೇ ನೋಡಿ ಸುಖಪಡುತ್ತಿದ್ದ. ಟ್ಯೂಬ್‌ಲೈಟಿನ ಸ್ವಿಚ್ಚು ತಮ್ಮನ ಕಡೆ ಇತ್ತು. ಆದ್ದರಿಂದ ಈಚೆ ಅಣ್ಣ ಸಣ್ಣ ಸ್ಕ್ರೂ ಹಿಡಿದಾಗಲೆಲ್ಲ ಕತ್ತಲಾಗುತ್ತಿತ್ತು.

ಕಟ್ಟಡದ ಒಡತಿ ಮೇಲಿನ ಮಹಡಿಯಲ್ಲೇ ಇದ್ದಳು. ಮೂವತ್ತು ವರ್ಷ ಲಾರಿ ಓಡಿಸಿ, ಮಂಡಿ ಹೋಗಿ, ಸ್ಟೇರಿಂಗು ಬಿಟ್ಟವಳು. ಎಲ್ಲರೂ ಡ್ರೈವರಮ್ಮ ಎನ್ನುತ್ತಿದ್ದರು. ಈಗ ಕಂಪ್ಯೂಟರಿನಲ್ಲಿ ಲಾರಿ ಓಡಿಸುವ ಆಟ ಆಡುತ್ತಿದ್ದಳು. ಮೇಜಿಗೆ ಸ್ಟೇರಿಂಗು ಬಿಗಿದುಕೊಂಡು, ಚಪ್ಪಲಿ ಕಳಚಿ, ಎದುರು ಬಂದ ಬೊಂಬೆ ಕಾರುಗಳಿಗೆಲ್ಲ ನಿಜವಾದ ಬೈಗುಳ ಬೈಯುತ್ತ ದಿನಕ್ಕೆ ನಾಲ್ಕು ಗಂಟೆ ಹೆದ್ದಾರಿಯಲ್ಲಿರುತ್ತಿದ್ದಳು. ಕೆಳಗಿನ ಅಣ್ಣತಮ್ಮಂದಿರ ಎಣ್ಣೆ-ಸೀಗೇಕಾಯಿ ಸಂಬಂಧವನ್ನು ಅವಳು ನಾಲ್ಕು ವರ್ಷ ಸಹಿಸಿದಳು. ಆದರೆ ಒಂದು ಮಧ್ಯಾಹ್ನ ನೆರಳುಗಳ್ಳ, ತಮ್ಮ ಇನ್ನೂ ಒಳಗಿದ್ದಾನೆಂದು ಗೊತ್ತಿದ್ದೂ, ಶಟರು ಎಳೆದು ಬೀಗ ಜಡಿದು ಊಟಕ್ಕೆ ಹೋದ. ಒಳಗೆ ಅಲ್ಟ್ರಾನ ಜೊತೆಗೆ ಒಬ್ಬ ಹಲ್ಲಿನ ಡಾಕ್ಟರೂ ಸಿಕ್ಕಿಕೊಂಡಿದ್ದರು. ಅವರ ಕಿರುಚಾಟಕ್ಕೆ ಡ್ರೈವರಮ್ಮ ಕುಂಟುತ್ತ ಇಳಿದು ಬಂದು ಬೀಗ ಒಡೆಸಬೇಕಾಯಿತು.

ಸಂಜೆ ಇಬ್ಬರನ್ನೂ ಮೆಟ್ಟಿಲ ಬುಡದಲ್ಲಿ ನಿಲ್ಲಿಸಿಕೊಂಡಳು.

"ಒಂದು ಶಟರು, ಒಬ್ಬನೇ ಇರ್ಲಿ. ಇನ್ನೊಬ್ಬ ಗಂಟುಮೂಟೆ ಕಟ್ಲಿ. ನನ್ನ ಆಟ ಈಗ ಎಳೆದೂ ಎಳೆದೂ ಓಡ್ತಾ ಇದೆ, ಗೊತ್ತಲ್ಲ? ಊರೊಳಗೆ ಬಂದ್ರೆ ಲಾರಿ ಜಗ್ಗಾಡುತ್ತೆ. ಒಬ್ಬೊಬ್ಬರಿಗೆ ಒಂದೊಂದು ದಿನ ಕೊಡ್ತೀನಿ. ಸರಿ ಮಾಡಿ. ನಾನು ಸರಕು ತುಂಬ್ಕೊಂಡು ಊರು ದಾಟಿ ಗೋದಾಮಿಗೆ ರಿವರ್ಸ್ ಹಾಕ್ತೀನಿ. ಯಾರ ಗಾಡಿ ಚೆನ್ನಾಗಿ ಹೋಯ್ತೋ ಅವನಿಗೆ ಅಂಗಡಿ."

"ಅಮ್ಮ, ಇವರಿಗೆ ತೆಗೆಯೋದು ಬಿಟ್ಟು ಇನ್ನೇನು ಬರುತ್ತೆ?" ಎಂದ ಅಲ್ಟ್ರಾ.

ನೆರಳುಗಳ್ಳ ಮೆಟ್ಟಿಲ ಕಂಬಿಯನ್ನು ನೋಡಿಕೊಂಡು, "ಕೆಲವರಿಗೆ ತುಂಬೋದು ಮಾತ್ರ ಬರುತ್ತೆ. ಮೂಟೆ ಕಟ್ಟೋನಿಗೂ ಅಷ್ಟೇ ಬರೋದು," ಎಂದ.

ಮೊದಲ ಸರದಿ ಅವನದು. ಡ್ರೈವರಮ್ಮನ ಯಂತ್ರದಲ್ಲಿ ಚಿತ್ರ ಬರೆಯಲೆಂದೇ ಹಾಕುವ ಗ್ರಾಫಿಕ್ಸ್ ಕಾರ್ಡು ಇರಲೇ ಇಲ್ಲ. ಕಂಪ್ಯೂಟರಿನ ಹುಟ್ಟುಗುಣದಲ್ಲಿ ಎಷ್ಟಿತ್ತೋ ಅಷ್ಟರಲ್ಲೇ ಚಿತ್ರ ಬರೆಯುತ್ತಿತ್ತು. ಊರೊಳಗೆ ಹದಿನೇಳು ಫ್ರೇಮು. ಅವನು ಡೈರಿ ಬಿಚ್ಚಿ ಕೂತ. ನೆರಳು ಹೋಯಿತು, ಇಪ್ಪತ್ತಮೂರು. ರಸ್ತೆ ಬದಿಯ ಹುಲ್ಲು ಹೋಯಿತು, ಇಪ್ಪತ್ತಾರು. ಒದ್ದೆ ರಸ್ತೆಯ ಹೊಳಪು ಹೋಯಿತು, ಮೂವತ್ತು. ಆಮೇಲೆ ಅವನ ಕಣ್ಣು ಲಾರಿಯ ಕನ್ನಡಿಗಳ ಮೇಲೆ ಬಿತ್ತು. ನಾಲ್ಕು ಕನ್ನಡಿ. ಪ್ರತಿ ಕನ್ನಡಿಯಲ್ಲೂ ಹಿಂದಿನ ಬೀದಿ, ಮನೆ, ಗಾಡಿ ಎಲ್ಲವನ್ನೂ ಯಂತ್ರ ಮತ್ತೊಮ್ಮೆ ಬರೆಯುತ್ತಿತ್ತು. ಒಂದು ಊರನ್ನು ಐದು ಸಲ! "ದುಂದುಗಾರ ನನ್ಮಗ," ಎಂದು ಅವನು ಆಟ ಮಾಡಿದವನನ್ನು ಶಪಿಸಿ, ಕನ್ನಡಿಗಳ ಗುಂಡಿಯನ್ನು ಕೆಳಗಿನ ತುದಿಗೆ ಇಳಿಸಿದ. ಐವತ್ತೆರಡು! ಆ ಸಂಖ್ಯೆಯನ್ನು ಡೈರಿಯಲ್ಲಿ ಬರೆದು ಎರಡು ಗೆರೆ ಎಳೆದ.

ಡ್ರೈವರಮ್ಮ ಕೂತಳು. ಲಾರಿ ಬೆಣ್ಣೆಯಲ್ಲಿ ಕೂದಲು ಎಳೆದಂತೆ ಊರು ದಾಟಿತು. ಅವಳ ಮುಖ ಅರಳಿದ್ದನ್ನು ನೋಡಿ ನೆರಳುಗಳ್ಳ ಮನಸ್ಸಿನಲ್ಲೇ ಪ್ಲೈವುಡ್ಡು ಕಿತ್ತು, ಅದರಲ್ಲೊಂದು ಬೆಂಚು ಮಾಡಿಸಿ, ಅದರ ಮೇಲೆ ಕೂತೂ ಬಿಟ್ಟ. ಗೋದಾಮು ಬಂತು. ಡ್ರೈವರಮ್ಮ ರಿವರ್ಸ್ ಹಾಕಿ ಎಡಗನ್ನಡಿ ನೋಡಿದಳು. ಬಲಗನ್ನಡಿ ನೋಡಿದಳು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ನೋಡಿದಳು. ಕನ್ನಡಿಯಲ್ಲಿ ಗೋದಾಮೂ ಇರಲಿಲ್ಲ, ಗೇಟೂ ಇರಲಿಲ್ಲ. ಕಲಸಿದ ಸುಣ್ಣದಂಥ ಏನೋ ಒಂದಿತ್ತು. ಧಡಾರ್ ಎಂದು ಲಾರಿ ಗೇಟಿನ ಕಂಬಕ್ಕೆ ಗುದ್ದಿತು.

"ಕನ್ನಡಿ ಏನಾಯ್ತೋ?"

"ಇಳಿಸಿದೀನಿ ಅಮ್ಮ. ತುಂಬ ತಿಂತಾ ಇತ್ತು. ಹಿಂದೆ ನೋಡಿ ಯಾರಿಗೇನಾಗ್ಬೇಕು, ಮುಂದೆ ತಾನೆ ಹೋಗೋದು?"

ಡ್ರೈವರಮ್ಮ ಕುರ್ಚಿಯನ್ನು ಅವನ ಕಡೆಗೆ ತಿರುಗಿಸಿದಳು. "ಮೂವತ್ತು ವರ್ಷ ನಾನು ಹೊಟ್ಟೆಗೆ ಅನ್ನ ತಿಂದದ್ದು ಕನ್ನಡಿ ನೋಡಿ ಕಣೋ. ಮುಂದೆ ಓಡಿಸೋಕೆ ಎಮ್ಮೆಗೂ ಬರುತ್ತೆ. ಲಾರಿಯವಳಿಗೆ ಕುರುಡು ಕನ್ನಡಿ ಕೊಟ್ಟಿದೀಯಲ್ಲ, ನಿನ್ನ ತಲೆಯಲ್ಲಿರೋದೇನು, ಹೊಟ್ಟಾ?"

ನೆರಳುಗಳ್ಳ ಡೈರಿ ಮುಚ್ಚಿ ಕಂಕುಳಿಗೆ ಸಿಕ್ಕಿಸಿದ. ಇಪ್ಪತ್ತು ವರ್ಷ ಎಷ್ಟು ಯಂತ್ರಗಳ ಹೊಟ್ಟೆ ಬಗೆದಿದ್ದ. ಎದುರಿಗೆ ಕೂತವರು ಏನು ಕೆಲಸ ಮಾಡುವವರು ಎಂದು ಒಂದು ದಿನವೂ ಕೇಳಿರಲಿಲ್ಲ. ಅಂದು ಮನೆಯಲ್ಲಿ ವಿಷಯ ಕೇಳಿದ ಹೆಂಡತಿ, "ಪಾಪ, ಕನ್ನಡಿ ಅವರಿಗೆ ಬೇಕಂತೆ. ನೀವು ನೋಡ್ಕೊಂಡು ಎಷ್ಟು ವರ್ಷ ಆಯ್ತು?" ಎಂದಳು. ಅವನು ಉಪ್ಪಿಲ್ಲವೆಂದು ಜಗಳ ತೆಗೆದು ಎದ್ದ.

ಮರುದಿನ ಅಲ್ಟ್ರಾ ಬಂದದ್ದು ದಿಬ್ಬಣ ಬಂದಂತೆ. ತೋಳಿನಷ್ಟು ಉದ್ದದ ಹೊಸ ಕಾರ್ಡು, ಅದಕ್ಕೆ ಎರಡು ಫ್ಯಾನು, ಫ್ಯಾನಿಗೆ ಬಣ್ಣದ ದೀಪ. "ಈ ಫ್ಯಾನಿನ ರೆಗ್ಯುಲೇಟರು ಯಾರ ಕೈಲೂ ಇಲ್ಲ," ಎಂದು ಸಾಕ್ಷಿಯಾಗಿ ಬಾಗಿಲ ಬಳಿ ನಿಂತ ಅಣ್ಣನಿಗೆ ಕೇಳಿಸುವಂತೆ ಹೇಳಿದ. ಯಂತ್ರದ ಡಬ್ಬ ಬಿಚ್ಚಿ ಕಾರ್ಡು ಕೂರಿಸಿದ, ಮುಚ್ಚಿದ, ಡಬ್ಬವನ್ನು ಗೋಡೆಗೆ ಸರಿಸಿ ವೈರುಗಳನ್ನು ಕೈ ಅಭ್ಯಾಸದಲ್ಲೇ ಸಿಕ್ಕಿಸಿದ. ಆಟ ತೆರೆದು ಎಲ್ಲ ಗುಂಡಿಗಳನ್ನೂ ಒಂದೇ ಏಟಿಗೆ ಅಲ್ಟ್ರಾಕ್ಕೆ ಏರಿಸಿದ.

"ಕೂತ್ಕೊಳ್ಳಿ ಅಮ್ಮ. ಈಗ ನೋಡಿ ಮಜಾ."

ಮಜಾ ನೋಡುವಂತೆಯೇ ಇತ್ತು. ಲಾರಿ ಒಂದು ಮಾರು ಹೋಯಿತು, ನಿಂತಿತು. ಇನ್ನೊಂದು ಮಾರು ಹೋಯಿತು, ನಿಂತಿತು. ಮೂಲೆಯಲ್ಲಿ ಫ್ರೇಮಿನ ಸಂಖ್ಯೆ ಆರು ಎಂದು ತೋರಿಸುತ್ತಿತ್ತು. ಊರು ಸುಂದರವಾಗಿತ್ತು, ನೆರಳು ತಂಪಾಗಿತ್ತು, ಕನ್ನಡಿಗಳಲ್ಲಿ ಹಿಂದಿನವನ ಮೀಸೆ ಕೂಡ ಕಾಣುತ್ತಿತ್ತು; ಗೋದಾಮು ಮಾತ್ರ ಈ ಜನ್ಮದಲ್ಲಿ ಬರುವಂತಿರಲಿಲ್ಲ.

ನೆರಳುಗಳ್ಳ ಮೆಲ್ಲನೆ ಪಕ್ಕಕ್ಕೆ ಬಾಗಿ ಡಬ್ಬದ ಬೆನ್ನು ನೋಡಿದ. ಪರದೆಯ ವೈರು ಹೊಸ ಕಾರ್ಡಿನ ತೂತಿನಲ್ಲಿರಲಿಲ್ಲ. ಮೇಲಿನ ಹಳೆಯ ತೂತಿನಲ್ಲೇ ಇತ್ತು. ತೋಳುದ್ದದ ಕಾರ್ಡು ಬಣ್ಣದ ದೀಪ ಹಾಕಿಕೊಂಡು ಸುಮ್ಮನೆ ಕೂತಿತ್ತು. ಚಿತ್ರ ಬರೆಯುತ್ತಿದ್ದದ್ದು ಅದೇ ಹಳೆಯ ಬಡಪಾಯಿ. ಅವನಿಗೆ ಎದೆಯೊಳಗೆ ಯಾರೋ ನಲ್ಲಿ ಪೂರ್ತಿ ತಿರುಗಿಸಿದಂತಾಯಿತು. ತುಟಿ ಕಚ್ಚಿಕೊಂಡು ನೆಟ್ಟಗೆ ನಿಂತ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ಡ್ರೈವರಮ್ಮ ಸ್ಟೇರಿಂಗು ಬಿಟ್ಟಳು. "ಸಾಕು. ನಿಮ್ಮಣ್ಣಂದು ಕುರುಡಾದ್ರೂ ಓಡ್ತು. ನಿಂದು ಹೆಣ. ಅಂಗಡಿ ದೊಡ್ಡವನಿಗೇ ಇರ್ಲಿ," ಎಂದು ಸೊಂಟದ ಕೀಲಿಗೊಂಚಲಿಗೆ ಕೈ ಹಾಕಿದಳು.

ಅಲ್ಟ್ರಾನ ಮುಖ ಕೆಂಪಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. "ನಿಮ್ಮ ಯಂತ್ರಾನೇ ಸರಿಯಿಲ್ಲ ಅಮ್ಮ. ಇಲ್ಲ, ಇಲ್ಲ, ಇವರೇ ನಿನ್ನೆ ಏನೋ ಕೆಡಿಸಿಟ್ಟು ಹೋಗಿದಾರೆ. ನನ್ನ ಕಾರ್ಡು ಓಡಬಾರದು ಅಂತ ಒಳಗೇನೋ ಕಳ್ಳ ಕೆಲಸ ಮಾಡಿದಾರೆ. ಹೆಸರಲ್ಲೇ ಇದೆಯಲ್ಲ, ಕಳ್ಳ!"

ಕೀಲಿ ಡ್ರೈವರಮ್ಮನ ಸೊಂಟದಿಂದ ಹೊರಬಂದಿತ್ತು. ಇನ್ನು ಒಂದು ಗೇಣು ದೂರ. ನೆರಳುಗಳ್ಳನ ಕೈ ಆಗಲೇ ಚಾಚಿತ್ತು. ಅಂಗಡಿ, ಫ್ಯಾನು, ಟ್ಯೂಬ್‌ಲೈಟು, ಬೆಂಚು, ಎಲ್ಲ ಕಣ್ಣೆದುರಿಗೆ ಬಂತು. ಆದರೆ ತಾನು ಮುಟ್ಟಿದ ಯಂತ್ರ ಕೆಟ್ಟಿತು ಎಂಬ ಮಾತು! ಅದೂ ಈ ಬಾಯಿಂದ!

"ವೈರು ನೋಡ್ಕೊಳ್ಳೋ, ಕತ್ತೆ!"

ನಾಲ್ಕು ವರ್ಷದ ಮೇಲೆ ಅಣ್ಣ ತಮ್ಮನೊಡನೆ ಆಡಿದ ಮೊದಲ ಮಾತು ಇದು. ಕಟ್ಟೆ ಒಡೆದ ಮೇಲೆ ನೀರು ಕೇಳುತ್ತದೆಯೇ? "ಕಾರ್ಡು ಹಾಕಿ ವೈರು ಹಳೇ ತೂತಿಗೆ ಸಿಕ್ಕಿಸಿದೀಯಲ್ಲೋ ಶುಂಠಿ! ಹೊಸ ಮಡಕೆ ತಂದು ಹಳೇ ಮಡಕೇಲಿ ನೀರು ಕಾಯಿಸ್ತಾನೆ! ಅಪ್ಪ ರೇಡಿಯೋ ಬಿಚ್ಚಿದಾಗ ಮೊದಲು ಏನು ನೋಡು ಅಂತಿದ್ರು? ವೈರು! ನನ್ನನ್ನ ಕಳ್ಳ ಅಂತಾನೆ, ತೂತು ಗೊತ್ತಿಲ್ಲದ ಮುಠ್ಠಾಳ!"

ಅಲ್ಟ್ರಾ ಬಾಗಿ, ವೈರು ಕಿತ್ತು, ಕೆಳಗಿನ ತೂತಿಗೆ ಸಿಕ್ಕಿಸಿದ. ಆಟ ಮತ್ತೆ ತೆರೆಯಿತು. ಆರು ಇದ್ದದ್ದು ಎಪ್ಪತ್ತೊಂದಾಯಿತು. ಡ್ರೈವರಮ್ಮ ಊರು ದಾಟಿ, ಎಡಗನ್ನಡಿ ನೋಡಿ, ಬಲಗನ್ನಡಿ ನೋಡಿ, ಒಂದೇ ಪಟ್ಟಿಗೆ ಲಾರಿಯನ್ನು ಗೋದಾಮಿನ ಬಾಯಿಗೆ ಚಪ್ಪಲಿ ಬಿಟ್ಟಂತೆ ಬಿಟ್ಟಳು. ಆಮೇಲೆ ಕೈಯಲ್ಲಿದ್ದ ಕೀಲಿಯನ್ನು ನೋಡಿದಳು, ಇಬ್ಬರನ್ನೂ ನೋಡಿದಳು, ಮತ್ತು ಅಲ್ಟ್ರಾನ ಕೈಗೆ ಹಾಕಿದಳು.

"ಬಾಯಿ ಮುಚ್ಕೊಂಡಿದ್ರೆ ನಿಂದಾಗ್ತಿತ್ತಲ್ಲೋ," ಎಂದಳು ದೊಡ್ಡವನಿಗೆ.

"ಅವನು ಯಂತ್ರ ಕೆಟ್ಟಿದೆ ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತಿದ್ದ. ನಾನೇ ಕೆಡಿಸಿದ್ದು ಅಂತ. ಈಗ ಹೇಳ್ಲಿ ನೋಡೋಣ," ಎಂದ ನೆರಳುಗಳ್ಳ, ಗೆದ್ದವನ ಗತ್ತಿನಲ್ಲಿ.

ತನ್ನ ಮೂಗು ಕೊಯ್ದುಕೊಂಡು ಎದುರಿನವನಿಗೆ ಅಪಶಕುನ ಮಾಡುವವರ ಕಥೆ ನಾವೆಲ್ಲ ಕೇಳಿದ್ದೇವೆ. ಕೊಯ್ದ ಮೂಗಿಗೆ ಬಾಡಿಗೆ ಜಾಗ ಹುಡುಕಿದವನು ಇವನೊಬ್ಬನೇ ಇರಬೇಕು. ಡ್ರೈವರಮ್ಮನ ಮೆಟ್ಟಿಲ ಕೆಳಗೆ ಪೊರಕೆ, ಹಳೆಯ ಟೈರು ಇಡುವ ಒಂದು ಗೂಡಿತ್ತು. ಟೈರು ಹೊರಗೆ ಹಾಕಿ ಅದರಲ್ಲಿ ಅವನು ಮೇಜು ಹಾಕಿದ. ನಿಂತರೆ ತಲೆ ಮೆಟ್ಟಿಲಿಗೆ ತಗಲುತ್ತದೆ, ಹಾಗಾಗಿ ನಿಲ್ಲುವುದಿಲ್ಲ. ಅಲ್ಲಿಂದ ಅಲ್ಟ್ರಾನ ಅಂಗಡಿ ನೇರವಾಗಿ ಕಾಣುತ್ತದೆ. ಅಲ್ಟ್ರಾನ ಕುರ್ಚಿಯಿಂದ ಈ ಗೂಡೂ ನೇರವಾಗಿ ಕಾಣುತ್ತದೆ. ಜಾಗ ಒಪ್ಪಿಕೊಂಡದ್ದೇ ಅದಕ್ಕೆ.

ಡೈರಿಯ ಮೊದಲ ಪುಟದಲ್ಲಿ ಅವನು ಈಗ ಹೊಸದೊಂದು ಸಾಲು ಬರೆದುಕೊಂಡಿದ್ದಾನೆ. ಯಾರು ಡಬ್ಬ ತಂದರೂ ಗುಂಡಿ ಮುಟ್ಟುವ ಮೊದಲು, "ನಿಮ್ಮ ಕಸುಬೇನು?" ಎಂದು ಗದರುತ್ತಾನೆ. ಬೇಟೆ ಆಟ ಆಡುವ ತೋಟದ ಮಾಲಿಗೆ ಮೊನ್ನೆ ಹುಲ್ಲನ್ನು ಹಾಗೇ ಉಳಿಸಿ, ಆಕಾಶವನ್ನು ಕಿತ್ತುಹಾಕಿ ಕಳಿಸಿದ.

ಗೂಡಿನ ನೆತ್ತಿಯ ಮೇಲೆ ಒಂದು ಹಲಗೆ ಇದೆ. ಅಂಗಡಿಯ ಹೆಸರಿಲ್ಲ, ಅವನ ಹೆಸರೂ ಇಲ್ಲ. ಮೊಳದುದ್ದದ ಕೆಂಪು ಅಕ್ಷರದಲ್ಲಿ, ಎದುರಿನ ಕುರ್ಚಿಯಲ್ಲಿ ಕೂತವನಿಗೆ ಕನ್ನಡಕವಿಲ್ಲದೆಯೂ ಕಾಣುವಂತೆ, ಇಷ್ಟೇ ಬರೆಸಿದ್ದಾನೆ:

ಎದುರಿನ ಅಂಗಡಿಯಲ್ಲಿ ಕೊಂಡ ಕಾರ್ಡುಗಳಿಗೆ ಇಲ್ಲಿ ವೈರು ಸರಿಯಾಗಿ ಹಾಕಿಕೊಡಲಾಗುವುದು.