ಹಸಿರು ಪರದೆಯ ಆಚೆ ನನ್ನ ಹೊಟ್ಟೆ

ಹೊಟ್ಟೆನೋವು ಶುರುವಾದಾಗ ನನ್ನ ಕೈ ಬೇರೊಬ್ಬರ ಹೊಟ್ಟೆಯೊಳಗಿತ್ತು.

ಕರುಳು ಸಿಕ್ಕಿಕೊಂಡಿದ್ದ ಬೀಳಗಿ ಕಡೆಯ ರೈತರೊಬ್ಬರ ಆಪರೇಷನ್. ನಾನು ಜಮಖಂಡಿಯ ಆಸ್ಪತ್ರೆಯೊಂದರಲ್ಲಿ ಸರ್ಜನ್. ಹೊಕ್ಕುಳ ಸುತ್ತ ಹಿಂಡಿದಂತಾಯಿತು. ಹಿಂದಿನ ದಿನದ ಮಿರ್ಚಿ ಭಜಿ ಎಂದುಕೊಂಡೆ. ಹೊಲಿಗೆ ಮುಗಿಯುವ ಹೊತ್ತಿಗೆ ನೋವು ಬಲಕ್ಕೆ ಇಳಿದಿತ್ತು. ಹಾಗೆ ಇಳಿಯುವ ನೋವು ಅಪೆಂಡಿಕ್ಸ್ ಎಂದು ಕಿರಿಯರಿಗೆ ವರ್ಷಗಟ್ಟಲೆ ಪಾಠ ಹೇಳಿದವಳು ನಾನು. ಆದರೂ ಬನಹಟ್ಟಿಯ ಮನೆಗೆ ಹೋಗಿ, ಭಜಿ ಜಾಸ್ತಿಯಾಯಿತು ಎಂದು ಹೇಳಿ ಅಜವಾನದ ನೀರು ಕುಡಿದೆ.

ಅತ್ತೆ ನನ್ನ ಮುಖ ನೋಡಿದರು. "ಇದು ಭಜಿ ನೋವಲ್ಲ ಬಿಡವಾ. ನಿಂದ್ರಾಕೂ ಬರವಲ್ದು ನಿನಗ. ನಡಿ ದವಾಖಾನಿಗಿ."

ಸ್ಕ್ಯಾನ್ ಆಯಿತು. ಅಪೆಂಡಿಕ್ಸ್ ಊದಿಕೊಂಡಿತ್ತು.

ಕೊಯ್ಯಲೇಬೇಕು. ನನ್ನನ್ನು!

ನನಗೆ ಸರ್ಜರಿ ಕಲಿಸಿದ ಮುಧೋಳದ ಮೇಡಂಗೆ ಫೋನ್ ಮಾಡಿದೆ. ಹೆಣ್ಣುಮಕ್ಕಳಿಗೆ ಹೆರಿಗೆ ವಿಭಾಗವೇ ಸರಿ ಎಂದು ಎಲ್ಲರೂ ಬುದ್ಧಿ ಹೇಳುತ್ತಿದ್ದ ಕಾಲದಲ್ಲಿ, ಏನೂ ಹೇಳದೆ ನನ್ನ ಕೈಗೆ ಸೂಜಿ ಕೊಟ್ಟವರು ಅವರು. ಕಾರು ಹತ್ತಿ ಬಂದೇಬಿಟ್ಟರು.

ಅರಿವಳಿಕೆ ಡಾಕ್ಟರ್ ಬೆನ್ನಿಗೆ ಇಂಜೆಕ್ಷನ್ ಕೊಟ್ಟರು. ಎದೆಯಿಂದ ಕೆಳಗೆ ಜೀವವಿಲ್ಲ. ಬಾಯಿ ಮಾತ್ರ ಪೂರ್ತಿ ಎಚ್ಚರ. ಎದೆಯ ಮೇಲೆ ಹಸಿರು ಪರದೆ. ಅದರಾಚೆ ನಾನಿಲ್ಲದೆ ಆಪರೇಷನ್ ನಡೆಯುವುದೆಂದರೆ ತಡೆಯಲಾಗಲಿಲ್ಲ.

"ಗಾಯ ಸಣ್ಣದ ಇರಲಿರಿ ಮೇಡಂ."

"ಇನ್ನೂ ಶುರೂನ ಮಾಡಿಲ್ಲ."

"ಸಕ್ಷನ್ ಮಷಿನ್ ಸಪ್ಪಳ ಯಾಕೋ ಸರಿ ಇಲ್ರಿ."

"ನೀ ಈಗ ಪೇಷಂಟ್ ಅದೀ. ಬಾಯಿ ಮುಚ್ಕೊಂಡು ಮಲ್ಕೋ. ಇಲ್ಲಾಂದ್ರ ಪೂರ್ತಿ ನಿದ್ದಿ ಬರೂಹಂಗ ಮಾಡಸ್ತೀನಿ."

ಮೇಲಿನ ದೀಪಗಳನ್ನು ಎಣಿಸತೊಡಗಿದೆ. ಸ್ವಲ್ಪ ಹೊತ್ತಿಗೆ ಮೇಡಂ ದನಿ ಬಂತು. "ಆತು, ತಗದೆ. ಮ್ಯಾಲಿನ ಹೊಲಿಗಿ ರೂಪಾ ಹಾಕ್ಲೇನು?"

ರೂಪಾ ನನ್ನ ಕೈಕೆಳಗೆ ಸರ್ಜರಿ ಕಲಿಯುತ್ತಿರುವ ಹುಡುಗಿ. "ಬ್ಯಾಡ್ರಿ ಮೇಡಂ, ಇವರದು ಬ್ಯಾಡ" ಎಂದಳು ಗಾಬರಿಯಿಂದ. ಸರ್ಜರಿ ತನಗೆ ಒಗ್ಗುವುದಿಲ್ಲ, ಬಿಟ್ಟುಬಿಡುತ್ತೇನೆ ಎಂದು ಹಿಂದಿನ ವಾರವಷ್ಟೇ ನನ್ನೆದುರು ಅತ್ತಿದ್ದಳು. ಈಗ ನಾನು ಬೇಡ ಎಂದರೆ ಅವಳು ಹೋಗಿಯೇಬಿಡುತ್ತಾಳೆ. ಹೂಂ ಎನ್ನೋಣವೆಂದರೆ, ಅದು ನನ್ನ ಹೊಟ್ಟೆ.

"ಹಾಕ್ಲಿ ಬಿಡ್ರಿ" ಎಂದೆ. "ಗಂಟು ಭಾಳ ಬಿಗಿಬ್ಯಾಡ, ರೂಪಾ."

"ಮೊಣಕೈ ಇಳಿಸು ಬೇ! ರೊಟ್ಟಿ ಬಡ್ಯಾಕತ್ತಿಯೇನು?" ಮೇಡಂ ಗದರಿದರು.

ನಾನು ಕಲಿಯುವಾಗ ಇದೇ ಮಾತಿನಲ್ಲಿ, ಇದೇ ದನಿಯಲ್ಲಿ ನನಗೂ ಬೈದಿದ್ದರು. ಆಗ ಅವಮಾನ ಅನಿಸಿತ್ತು. ಈಗ ಕೆಳಗೆ ಮಲಗಿ ಕೇಳುವಾಗ, ತವರಿನವರು ಯಾರೋ ನನ್ನನ್ನು ಹೆಸರು ಹಿಡಿದು ಕರೆದಂತಾಗಿ ಕಣ್ಣಲ್ಲಿ ನೀರು ಬಂತು. ಅರಿವಳಿಕೆ ಡಾಕ್ಟರ್ ಬಗ್ಗಿ, "ನೋವಾಗಾಕತ್ತೈತೇನ್ರಿ?" ಎಂದರು.

ಮುಗಿದ ಮೇಲೆ ಮೇಡಂ ಪರದೆಯ ಮೇಲಿನಿಂದ ಇಣುಕಿದರು. "ಇವತ್ತ ನನ್ನ ಕೈ ನಡಗಿದ್ವು. ಯಾರ ಮುಂದೂ ಹೇಳಬ್ಯಾಡ."

ಮರುದಿನ ನರ್ಸ್ ಎದ್ದು ಓಡಾಡಿ ಎಂದಳು. ನಾನು ಎಲ್ಲರಿಗೂ ಹೇಳುವ ಮಾತೇ. ಅವಳನ್ನು ಮನಸಾರೆ ಬೈದುಕೊಂಡೆ. ಕೆಮ್ಮಿದರೆ ನೋವು, ನಕ್ಕರೆ ಇನ್ನೂ ನೋವು. ಮನೆಗೆ ಬಂದ ಮೇಲೂ ಬಗ್ಗಿಕೊಂಡೇ ನಡೆದೆ. ಅಡುಗೆಮನೆ ಅತ್ತೆಯ ಪಾಲಾಯಿತು.

ಹೊಲಿಗೆ ಬಿಚ್ಚಿಸಲು ಅತ್ತೆಯ ಜೊತೆ ಹೋದೆ. ರೂಪಾ ಬಿಚ್ಚಿದಳು. ಗೆರೆ ನೆಟ್ಟಗಿತ್ತು, ನಾನು ಹುಡುಕಿದರೂ ತಪ್ಪು ಸಿಗಲಿಲ್ಲ. ಆಗ ಅತ್ತೆ ಎದ್ದು ಬಾಗಿಲು ಹಾಕಿದರು. ಸೆರಗು ಸರಿಸಿದರು.

ಹೊಕ್ಕುಳ ಮೇಲೆ ನಿಂಬೆಹಣ್ಣಿನಷ್ಟು ಗಂಟು.

ಹರ್ನಿಯಾ. ಸರ್ಜನ್ ಇರುವ ಮನೆಯಲ್ಲಿ, ಸೀರೆಯ ಮರೆಯಲ್ಲಿ, ಎಷ್ಟೋ ವರ್ಷದಿಂದ!

"ನನಗ್ಯಾಕ ಹೇಳಲಿಲ್ರಿ?"

"ಗಂಡಸ ಡಾಕ್ಟರ್‌ಗೆ ತೋರಸಾಕ ನಾಚಿಕಿ. ನೀ ನೋಡಿದ್ರ ಸೊಸಿ, ನಿನ್ನ ಮುಂದ ಹೊಟ್ಟಿ ತೋರಸ್ಲೇನು?" ಎಂದವರು ರೂಪಾಳ ಕಡೆ ತಿರುಗಿದರು. "ಇದನ್ನ ನೀನ ಮಾಡವಾ."

ಯಾರಾದರೂ ಅವಳನ್ನೇ ಬೇಕೆಂದು ಕೇಳಿದ್ದು ಅದೇ ಮೊದಲಿರಬೇಕು. ಕಿವಿಯವರೆಗೂ ಕೆಂಪಾದಳು. "ಮುಧೋಳ ಮೇಡಂ ಮಾಡ್ತಾರ್ರಿ. ನಾ ಅವರ ಜೋಡಿ ಇರ್ತೀನ್ರಿ."

ಮೊನ್ನೆ ಆಪರೇಷನ್ ಆಯಿತು. ನನ್ನನ್ನು ಒಳಗೆ ಬಿಡಬಾರದೆಂದು ಮೇಡಂ ಕಟ್ಟಪ್ಪಣೆ. ಮನೆಯವರು ಕೂರುವ ಬೆಂಚಿನ ಮೇಲೆ ಕೂತೆ, ಎದ್ದೆ, ಮತ್ತೆ ಕೂತೆ. ಕೊನೆಗೆ ರೂಪಾ ಮಾಸ್ಕ್ ಇಳಿಸಿಕೊಂಡು ಹೊರಗೆ ಬಂದಳು.

"ಎಲ್ಲಾ ಛಲೋ ಆತ್ರಿ."

ಕೇಳಬೇಕಾದದ್ದು ನನ್ನಲ್ಲಿ ಬಹಳವಿತ್ತು. ಅವಳಿಗೆ ಪುರುಸೊತ್ತಿರಲಿಲ್ಲ, ಇನ್ನೊಂದು ಕೇಸ್ ಇದೆ ಎಂದು ಒಳಗೆ ಓಡಿದಳು.